ಕಣದಲ್ಲಿ ಇಪ್ಪತ್ತೆಂಟು ಅಡಿ

ಭಾನುವಾರ. ಪಾಲಿಬೆಟ್ಟದ ನಮ್ಮ ತೋಟದ ಕಣದಲ್ಲಿ
ನಾಲ್ಕು ಬಿಸಿಲು ಕಂಡ ಕಾಫಿ
ಕೆಂಪು ಬಿಟ್ಟು ಕಪ್ಪಾಗುತ್ತಿತ್ತು.
ನಾನು ತೋಟದ ರೈಟರ್. ಕೈಯಲ್ಲಿ ಚೆಕ್‌ರೋಲು,
ಕಿವಿಯ ಮೇಲೊಂದು ಪೆನ್ಸಿಲು.
ಲೈನ್‌ಮನೆಯ ಬೊಳ್ಳಿ ಪುಸ್ತಕ ತಂದು
ಒಂದು ಚಿತ್ರದ ಮೇಲೆ ಬೆರಳಿಟ್ಟಳು:
"ಇದು ನಿಜವಾಗಿ ಎಷ್ಟುದ್ದ?"

ಪುಸ್ತಕದಲ್ಲಿ ಅದು ಬೆಂಕಿಪೊಟ್ಟಣದಷ್ಟಿತ್ತು.
ಹೆಸರು ಅಲೋಸಾರಸ್,
ಅಂದರೆ ಬೇರೆ ಥರದ ಹಲ್ಲಿ.
ಮೂಳೆ ಸಿಕ್ಕವರು ಬೆನ್ನಿನ ಮಣಿ ನೋಡಿ
ಇಂಥದ್ದು ಇನ್ನೆಲ್ಲೂ ಇಲ್ಲ ಅಂದುಕೊಂಡರು.
ಆಮೇಲೆ ನೋಡಿದರೆ ಬೇರೆಯವಕ್ಕೂ ಇತ್ತು.
ಇಟ್ಟ ಹೆಸರು ಹೋಗುತ್ತದೆಯೇ?

ಟೇಪಿನ ತುದಿ ಉನೈಸ್ ಹಿಡಿದ.
ನಾನು ಹಿಂದೆ ಹಿಂದೆ ನಡೆದೆ, ಇಪ್ಪತ್ತೆಂಟು ಅಡಿ.
ಹಲಗೆಯಿಂದ ಕಾಫಿ ಸರಿಸುತ್ತಾ ಹೋದಂತೆ
ಸಿಮೆಂಟಿನ ಮೇಲೆ ಬಾಲ ಬಂತು, ಬೆನ್ನು ಬಂತು,
ಕಾಫಿ ಚೀಲದಷ್ಟು ಉದ್ದದ ತಲೆ ಬಂತು.
ಕಣ್ಣಿನ ಮೇಲೆ ಎರಡು ಗಿಡ್ಡ ಕೊಂಬು.
ಕೈಗೆ ಮೂರೇ ಬೆರಳು,
ಗಿಡ ಬಗ್ಗಿಸುವ ಕೊಕ್ಕೆಯಂಥ ಉಗುರು.

"ಆನೆಗಿಂತ ಭಾರವಾ?"
ಇಲ್ಲ ಮಗೂ. ಎರಡು ಟನ್ ಇದ್ದೀತು.
ಮೊನ್ನೆ ರಾತ್ರಿ ನಮ್ಮ ಬೇಲಿ ಮುರಿದು
ಹಲಸಿನಕಾಯಿ ತಿಂದು ಹೋಯಿತಲ್ಲ ಸಲಗ,
ಅದು ಇದರ ಎರಡರಷ್ಟು.
ಆದರೆ ಸಲಗಕ್ಕೆ ಹಲಸು ಸಾಕು,
ಇದಕ್ಕೆ ಮಾಂಸವೇ ಬೇಕು.

ಹಲ್ಲೋ, ಗರಗಸದ ಅಂಚು.
ಒಂದು ಬಿದ್ದರೆ ಇನ್ನೊಂದು,
ಅದೂ ಬಿದ್ದರೆ ಮತ್ತೊಂದು, ಸಾಯುವ ತನಕ.
ಮುಂದಿನ ಎರಡು ಹಲ್ಲಿಲ್ಲದ ದೇಚು
ಬಾಯಿ ಮುಚ್ಚಿಕೊಂಡು ಕೇಳಿದಳು:
"ನಮಗೆ ಮಾತ್ರ ಯಾಕೆ ಒಂದೇ ಸಲ?"
ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.

ಬಾಯಿ ಅಗಲ ತೆರೆದು, ಮೇಲ್ದವಡೆಯನ್ನು
ಒಡಿಕತ್ತಿ ಬೀಸಿದ ಹಾಗೆ ಬೀಸುತ್ತಿತ್ತು
ಅಂತ ಕೆಲವರು ಹೇಳುತ್ತಾರೆ,
ಹಾಗಲ್ಲ ಅಂತ ಕೆಲವರು.
ನೋಡಿದವರು ಯಾರೂ ಇಲ್ಲ.
ಒಂದರ ಬಲಗಾಲಿನ ನಡುಬೆರಳು ಕೀವಾಗಿ ಊದಿತ್ತು,
ಅದನ್ನು ಮೂಳೆಯೇ ಹೇಳಿತು.
ಮುಳ್ಳು ಚುಚ್ಚಿದ ಪಾದವನ್ನು ಉನೈಸ್
ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಯಾವಾಗ ಇತ್ತು?"
ಹದಿನೈದು ಕೋಟಿ ವರ್ಷದ ಹಿಂದೆ.
ಮುಖಗಳು ಖಾಲಿ. ನಾನು ಪೆನ್ಸಿಲು ತೆಗೆದೆ.
ಒಂದು ಒಣಕಾಯಿಗೆ ಒಂದು ವರ್ಷ ಅನ್ನಿ,
ಐವತ್ತು ಕಿಲೋದ ಚೀಲ ಹೊಲಿಯುತ್ತಾ ಹೋಗಿ:
ಸಾವಿರದ ಇನ್ನೂರು ಚೀಲ!
ಅದರಲ್ಲಿ ನಾವು, ಮನುಷ್ಯರು, ಎಲ್ಲರೂ ಸೇರಿ
ಎರಡೂವರೆ ಚೀಲವೂ ತುಂಬುವುದಿಲ್ಲ.
ಆಗ ಕಾಫಿ ಇಲ್ಲ, ಕಾಫಿಯ ಬಿಳಿ ಹೂವಿಲ್ಲ,
ಹೂವು ಅನ್ನುವುದೇ ಇನ್ನೂ ಅಪರೂಪ, ಇತ್ತೋ ಇಲ್ಲವೋ.
ಮಳೆಗಾಲದಲ್ಲಿ ನಾವು ಪಲ್ಯ ಮಾಡುವ ತೆರ್ಮೆಯ
ಮುತ್ತಜ್ಜಿಯಂದಿರು ಮಾತ್ರ ಇದ್ದರು,
ತೊರೆಯ ಬದಿ ಮುದುಡಿಕೊಂಡು.

"ಇಲ್ಲಿ ಅಗೆದರೆ ಮೂಳೆ ಸಿಗುತ್ತದಾ?"
ಉನೈಸ್ ಆಗಲೇ ಗುದ್ದಲಿ ನೋಡುತ್ತಿದ್ದ.
ಸಿಗುವುದಿಲ್ಲ. ಅವು ಸಿಕ್ಕಿದ್ದು ಅಮೆರಿಕದಲ್ಲಿ, ಪೋರ್ಚುಗಲ್ಲಿನಲ್ಲಿ.
ನಮ್ಮ ಬಂಡೆ ಅದಕ್ಕಿಂತ ತುಂಬಾ ಹಳೆಯದು.
ನೀನು ಕೂತಿದ್ದೀಯಲ್ಲ ಬೊಳ್ಳಿ, ಆ ಬಟ್ಟೆ ಒಗೆಯುವ ಕಲ್ಲು,
ಅಲೋಸಾರಸ್ ಮೊಟ್ಟೆ ಒಡೆದು ಬಂದ ದಿನವೂ
ಅದು ಮುದಿ ಕಲ್ಲೇ.
ಬೊಳ್ಳಿ ಎದ್ದು ನಿಂತಳು.
ಕಲ್ಲನ್ನು ಒಮ್ಮೆ ನೋಡಿದಳು.
ಮತ್ತೆ ಕೂತಳು, ಈ ಸಲ ಸ್ವಲ್ಪ ಅಂಚಿನಲ್ಲಿ.

ಅಷ್ಟರಲ್ಲಿ ದೇಚು ಮನೆಯ ಹೇಂಟೆ ಕಣಕ್ಕೆ ಇಳಿಯಿತು.
ಬಾಲದಿಂದ ಹತ್ತಿ, ಬೆನ್ನ ಮೇಲೆ ಕೆದಕಿ,
ಧೂಳಲ್ಲಿ ಮೂರು ಬೆರಳಿನ ಹೆಜ್ಜೆ ಊರಿತು.
ನಾನು ಹೇಳುವ ಮೊದಲೇ ಬೊಳ್ಳಿ ಕೂಗಿದಳು:
"ರೈಟರೇ, ಪುಸ್ತಕದಲ್ಲಿ ಇರುವುದು ಇದೇ ಕಾಲು!"
ಹೌದು. ದೂರದ ನೆಂಟಸ್ತಿಕೆ.
ಕೋಳಿ ಸಾರಿನಲ್ಲಿ ಇಬ್ಬರು ಹಿಡಿದು ಎಳೆಯುತ್ತೀರಲ್ಲ,
ಆ ಕವಲು ಮೂಳೆ,
ಅದು ಅಲೋಸಾರಸ್ಸಿನ ಎದೆಯಲ್ಲೂ ಇತ್ತು.
ದೇಚು ಹೇಂಟೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.
ಕಡಿಯುತ್ತದೋ ಎಂಬಂತೆ, ಕೊಕ್ಕು ಆ ಕಡೆಗೆ.

ಸಂಜೆ ಮಂಜು ಬೀಳುವ ಹೊತ್ತು.
ಕಾಫಿ ರಾಶಿ ಮಾಡಬೇಕು, ಟಾರ್ಪಾಲು ಹೊದಿಸಬೇಕು.
ತಲೆಯಿಂದ ಶುರು ಮಾಡಿದೆವು. ಬಾಲ ಕೊನೆಗೆ ಹೋಯಿತು.
ಚೆಕ್‌ರೋಲಿನ ಕೆಳಗೆ, ಸಾಹುಕಾರರು ನೋಡದ ಮೂಲೆಯಲ್ಲಿ
ಪೆನ್ಸಿಲಿನಲ್ಲಿ ಬರೆದೆ:
ಅಲೋಸಾರಸ್, ಆಳು ಒಂದು,
ಅರ್ಧ ದಿನ.